ಮಂಜು, ಆ ಫಾರಂ ಮಗಳೇ ತುಂಬಲಿ

ಪ್ರೀತಿಯ ಮಂಜು,

ಪುಟ್ಟಿಗೆ ನ್ಯಾಷನಲ್ ಜೂನಿಯರ್ ಆನರ್ ಸೊಸೈಟಿ, ಅದೇ ಓದು ನಡತೆ ಎರಡೂ ಚೆನ್ನಾಗಿರೋ ಮಕ್ಕಳನ್ನ ಆರಿಸಿ ಸೇರಿಸಿಕೊಳ್ಳೋ ಅಮೆರಿಕದ ಸಂಘ, ಅದನ್ನ ಸೇರೋಕೆ ಶಾಲೆಯಿಂದ ಪತ್ರ ಬಂದಿದೆ ಅಂತ ಓದಿ ತುಂಬಾ ಖುಷಿಯಾಯಿತು ಕಣೋ. ಮೈಸೂರು ಬಿಟ್ಟು ನ್ಯೂಜೆರ್ಸಿಗೆ ಬಂದು ಇನ್ನೂ ಹೆಚ್ಚು ದಿನ ಆಗಿಲ್ಲ, ಹೊಸ ಶಾಲೆ, ಹೊಸ ಗೆಳತಿಯರು, ಇದರ ಮಧ್ಯೆ ಏಳನೇ ಕ್ಲಾಸಲ್ಲಿ ಇಷ್ಟು ಚೆನ್ನಾಗಿ ಓದಿದ್ದಾಳೆ ಅಂದರೆ ಮೆಚ್ಚಲೇಬೇಕು. ನನ್ನ ಪರವಾಗಿ ಬೆನ್ನು ತಟ್ಟು.

ಆದರೆ ಸೆಲೆಕ್ಟ್ ಆದಳು ಅಂತ ಊರಿಗೆಲ್ಲ ವಾಟ್ಸಾಪ್ ಮಾಡಬೇಡ. ಈಗ ಬಂದಿರೋದು ಅರ್ಜಿ ಹಾಕಬಹುದು ಅನ್ನೋ ಪತ್ರ ಅಷ್ಟೆ. ಸರಾಸರಿ ಕನಿಷ್ಠ 85 ಪರ್ಸೆಂಟ್ ಇರಬೇಕು, ಕೆಲವು ಶಾಲೆಗಳು ಇನ್ನೂ ಜಾಸ್ತಿ ಕೇಳುತ್ತವೆ. ಅಷ್ಟು ಅವಳಿಗಿದೆ. ಇನ್ನು ಪ್ರಿನ್ಸಿಪಾಲರು ನೇಮಿಸಿದ ಐದು ಜನ ಟೀಚರ್‌ಗಳು ಕೂತು ಅರ್ಜಿ ನೋಡಿ, ವೋಟ್ ಹಾಕಿ ಆರಿಸುತ್ತಾರೆ.

ಅವರು ನೋಡೋದು ಐದು ವಿಷಯ. ಓದು, ಸೇವೆ, ನಾಯಕತ್ವ, ನಡತೆ, ಪೌರತ್ವ. ಅಮೆರಿಕದ ಪ್ರಿನ್ಸಿಪಾಲರ ಸಂಘ 1921ರಲ್ಲಿ ಹೈಸ್ಕೂಲ್ ಮಕ್ಕಳಿಗೆ ಅಂತ ಒಂದು ಸೊಸೈಟಿ ಶುರು ಮಾಡಿತ್ತು, ಚಿಕ್ಕವರದ್ದು 1929ರಲ್ಲಿ ಬಂತು. ದೊಡ್ಡವರಿಗೆ ನಾಲ್ಕೇ, ಪೌರತ್ವ ಅನ್ನೋ ಐದನೆಯದು ಚಿಕ್ಕವರಿಗೆ ಮಾತ್ರ. ನನಗೆ ಇದು ಬಹಳ ಇಷ್ಟ. ನಾವು ಓದುವಾಗ ರ‍್ಯಾಂಕ್ ಬಂದರೆ ಸಾಕಿತ್ತು, ಪಕ್ಕದ ಬೆಂಚಿನ ಹುಡುಗನಿಗೆ ಲೆಕ್ಕ ಹೇಳಿಕೊಟ್ಟೆಯಾ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಫಾರಂನಲ್ಲಿ ಏನು ಕೆಲಸ ಮಾಡಿದೆ, ಯಾವಾಗ, ಎಷ್ಟು ಗಂಟೆ ಅಂತೆಲ್ಲ ಕಾಲಂ ಇರುತ್ತೆ, ಪಕ್ಕದಲ್ಲಿ ಆ ಕೆಲಸದ ಮೇಲ್ವಿಚಾರಣೆ ನೋಡಿಕೊಂಡ ದೊಡ್ಡವರ ಸಹಿ. ನನ್ನ ಮಗ ಶನಿವಾರ ಫುಡ್ ಬ್ಯಾಂಕಿಗೆ, ಅಂದರೆ ದಾನ ಬಂದ ಆಹಾರವನ್ನ ಇಲ್ಲದವರಿಗೆ ಹಂಚೋ ಕಡೆಗೆ, ಹೋಗುತ್ತಿದ್ದ. ಬಂದ ಡಬ್ಬಗಳನ್ನ ತಿರುಗಿಸಿ ತಾರೀಖು ನೋಡೋದು, ಉಬ್ಬಿದ್ದನ್ನ ಪಕ್ಕಕ್ಕೆ ಹಾಕೋದು, ಬೀನ್ಸ್ ಒಂದು ಕಡೆ, ಸೂಪ್ ಒಂದು ಕಡೆ. "ನಮ್ಮ ಮನೇಲಿ ತಿನ್ನದೇ ಇರೋದನ್ನ ಬೇರೆಯವರಿಗೆ ಕೊಡಬಾರದು" ಅಂತ ಅವನೇ ಬರೆದ. ಸ್ಪೆಲ್ಲಿಂಗ್ ತಪ್ಪಿತ್ತು, ಆದರೂ ನಾನು ಕೂತು ಬರೆದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ. ಅದಕ್ಕೇ ಹೇಳುತ್ತಿರೋದು, ನೀನು ಲ್ಯಾಪ್‌ಟಾಪ್ ಹಿಡಿದು ಕೂರಬೇಡ ಮಾರಾಯ. ಅವಳ ಮಾತು ಅವಳೇ ಬರೆಯಲಿ.

ಬರೆಯೋಕೆ ಏನೂ ಇಲ್ಲ ಅಂತಾಳೆ ಅಂದೆಯಲ್ಲ, ಭಾನುವಾರ ಕನ್ನಡ ಶಾಲೆಯಲ್ಲಿ ಪುಟಾಣಿಗಳ ಕೈ ಹಿಡಿದು ಅ, ಆ ತಿದ್ದಿಸುತ್ತಾಳಲ್ಲ, ಅದೇನು ಸುಮ್ನೇನಾ? ನಮ್ಮವರ ನಡುವೆ ಮಾಡಿದ ಕೆಲಸ ಅಂತ ಅದನ್ನ ಬಿಟ್ಟುಬಿಡೋದು ಬೇಡ. ಸೊಸೈಟಿ ನೋಡಿಕೊಳ್ಳೋ ಟೀಚರ್‌ಗೆ ಇದನ್ನ ಬರೆಯಬಹುದಾ ಅಂತ ಅವಳೇ ಹೋಗಿ ಕೇಳಲಿ, ಕನ್ನಡ ಶಾಲೆಯ ಮೇಡಂ ಹತ್ತಿರ ಸಹಿ ಹಾಕಿಸಿಕೊಳ್ಳಲಿ.

ಕಾಲೇಜ್ ಸೀಟಿಗೆ ಅಂತ ಇದನ್ನ ಲೆಕ್ಕ ಹಾಕಬೇಡ. ಹೈಸ್ಕೂಲಿಗೆ ಹೋದ ಮೇಲೆ ಅಲ್ಲಿನ ಸೊಸೈಟಿಗೆ ಮತ್ತೆ ಹೊಸದಾಗಿ ಆಯ್ಕೆ ಆಗಬೇಕು, ಇಲ್ಲಿಂದ ಹಾಗೇ ಮುಂದುವರಿಯೋಲ್ಲ. ಸೇರಿದ ಮೇಲೂ ಮಾರ್ಕ್ಸ್, ಸೇವೆ ಎರಡನ್ನೂ ಉಳಿಸಿಕೊಂಡು ಹೋಗಬೇಕು. ಸಂಗೀತ, ಈಜು, ರೋಬೋಟಿಕ್ಸ್ ಅಂತ ವಾರ ಪೂರ್ತಿ ಓಡಿಸುತ್ತಿದ್ದೀಯ, ಇದಕ್ಕೆ ಜಾಗ ಬೇಕಾದರೆ ಒಂದನ್ನ ಬಿಡಿಸು.

ಇನ್ನೊಂದು, ಇದೇ ಥರ ಹೆಸರು ಇಟ್ಟುಕೊಂಡು ಮನೆಗೇ ನೇರವಾಗಿ ಪತ್ರ ಹಾಕಿ ದುಡ್ಡು ಕೇಳೋರೂ ಇದ್ದಾರೆ. ನಿಜವಾದದ್ದು ಶಾಲೆಯ ಮೂಲಕವೇ ಬರುತ್ತೆ. ಅನುಮಾನ ಇದ್ದರೆ ಶಾಲೆಯ ಆಫೀಸಿಗೆ ಒಂದು ಫೋನ್ ಮಾಡು.

ಆಯ್ಕೆಯಾದರೆ ಒಂದು ಸಂಜೆ ಕಾರ್ಯಕ್ರಮ ಇರುತ್ತೆ, ಒಂದೊಂದು ಗುಣದ ಹೆಸರು ಹೇಳಿ ಮೇಣದ ಬತ್ತಿ ಹಚ್ಚುತ್ತಾರೆ, ಮಕ್ಕಳು ಪ್ರಮಾಣ ಮಾಡುತ್ತಾರೆ. ರಜೆ ಹಾಕಿಯಾದರೂ ನೀವಿಬ್ಬರೂ ಹೋಗಿ. ಆಗದೇ ಇದ್ದರೆ ಮನೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂರಬೇಡ, ಅವಳ ಮುಂದಂತೂ ಬೇಡವೇ ಬೇಡ.

ಫಾರಂ ಕೊಡೋಕೆ ಕೊನೇ ದಿನ ಯಾವಾಗ ಅಂತ ಇವತ್ತೇ ನೋಡಿಕೋ, ಸಹಿಗಳಿಗೇ ಜಾಸ್ತಿ ದಿನ ಹಿಡಿಯುತ್ತೆ. ಅವಳು ಬರೆದ ಮೇಲೆ ಇಷ್ಟ ಇದ್ದರೆ ನನಗೂ ಕಳಿಸಲಿ, ಓದೋಕೆ ಆಸೆ.

ನಿನ್ನ,
ಶ್ರೀಧರ