ನನ್ನ ಮಾತು ನಂಬಿದವರಿಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಿದೆ. ಕೋವಿಡ್ ಆದಮೇಲೆ 10ನೇ ತರಗತಿಯ ಗಣಿತವನ್ನು ಜೂನ್‌ನಿಂದ ಪರೀಕ್ಷೆಯವರೆಗೂ ಪೂರ್ತಿ ನಾನೇ ಮಾಡಿದ್ದು ಇದೇ ಮೊದಲು. ಮಕ್ಕಳು ಚೆನ್ನಾಗಿ ಬರೆದಿದ್ದಾರೆ. ಇಲ್ಲಿವರೆಗೂ ನನ್ನನ್ನು ತಂದವರನ್ನು ಎಲ್ಲರ ಮುಂದೆ ನೆನೆಯಬೇಕು ಅನ್ನಿಸಿತು.

2021ರ ಮೇ ತಿಂಗಳು, ಎರಡನೇ ಅಲೆ. ನನಗೆ ಆಸ್ಪತ್ರೆ ಸೇರುವಷ್ಟು ಜೋರಾಗಿರಲಿಲ್ಲ. ಜ್ವರ ಹೋಯಿತು, ಕೆಮ್ಮು ಹೋಯಿತು. ತಲೆ ಮಾತ್ರ ಮಂಕಾಗೇ ಉಳಿಯಿತು. ಆಗಸ್ಟ್‌ನಲ್ಲಿ ಶಾಲೆ ತೆರೆದ ಮೇಲೆ ಬೋರ್ಡಿನಲ್ಲಿ ಲೆಕ್ಕ ಬಿಡಿಸುತ್ತಾ ಸುಮ್ನೆ ನಿಂತುಬಿಡುತ್ತಿದ್ದೆ. ಸೂತ್ರ ಬಾಯಿಗೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಬರೆದದ್ದನ್ನು ಮುಂದಿನ ಸಾಲಿಗೆ ಒಯ್ಯೋಕೆ ಆಗುತ್ತಿರಲಿಲ್ಲ. ಹದಿಹರೆಯದಿಂದ ಮಾಡಿಕೊಂಡು ಬಂದ ಲೆಕ್ಕಗಳು ಅವು!

ನೋಡಿದವರಿಗೆ ಆರಾಮಾಗಿಯೇ ಕಾಣುತ್ತಿದ್ದೆ. ಥೈರಾಯ್ಡ್, ಬಿ12, ಎಂಆರ್‌ಐ ಎಲ್ಲ ಸರಿಯಾಗಿತ್ತು. "ಟೆನ್ಷನ್ ಬಿಡಿ, ಸರಿ ಹೋಗುತ್ತೆ" ಅಂದವರೇ ಜಾಸ್ತಿ. ಅದಕ್ಕೇ ಮೊದಲ ನಮಸ್ಕಾರ ನನ್ನ ನರರೋಗ ವೈದ್ಯರಿಗೆ. ಡಾಕ್ಟ್ರೇ, ಸ್ಕ್ಯಾನ್‌ನಲ್ಲಿ ಕಾಣಿಸದಿದ್ದರೂ ತೊಂದರೆ ಇರಬಹುದು ಅಂತ ನೀವು ಹೇಳಿದಿರಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಕಾಯಿಲೆಯನ್ನು ವಿವರಿಸುವಾಗ ಸುಸ್ತು, ಏದುಸಿರಿನ ಜೊತೆ ನೆನಪು-ಯೋಚನೆಯ ತೊಂದರೆಯನ್ನೂ ಸೇರಿಸಿದೆ ಅಂತ ತೋರಿಸಿದಿರಿ. ಅಲ್ಲೇ ಅತ್ತುಬಿಟ್ಟೆ. ಇದು ನನ್ನೊಬ್ಬಳ ಭ್ರಮೆ ಅಲ್ಲ ಅಂತ ಗೊತ್ತಾಯಿತಲ್ಲ! "ಸುಸ್ತಾಗುವ ಮೊದಲೇ ನಿಲ್ಲಿಸಿ" ಅಂದಿರಿ. ಪಾಲಿಸೋಕೆ ತುಂಬಾ ಕಷ್ಟ. ಕೈ ಹಿಡಿದದ್ದು ಮಾತ್ರ ಅದೇ.

ಹೆಚ್.ಎಂ. ಮೇಡಂ, ನಾನು ಕೇಳುವ ಮೊದಲೇ ಟೈಮ್‌ಟೇಬಲ್ ಬದಲಿಸಿದಿರಿ. ಪಾಠವೆಲ್ಲ ಬೆಳಗ್ಗೆ, ಎರಡು ಪೀರಿಯಡ್ ನಡುವೆ ಬಿಡುವು. ವಿಜ್ಞಾನದ ಸರ್ ನನ್ನ ತರಗತಿಯ ಅಂಕಗಳನ್ನೂ ಸ್ಯಾಟ್ಸ್‌ಗೆ (ಮಕ್ಕಳ ವಿವರ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಏರಿಸಿ, ಮತ್ತೆ ತಾಳೆ ನೋಡುತ್ತಿದ್ದರು. ಮನೆಯಲ್ಲಿ ನಮ್ಮ ಅತ್ತೆ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಿದ್ದರು. ಅದು ಮುಗಿದ ಮೇಲೇ ಇನ್ನೊಂದು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷದ ಮಕ್ಕಳೇ, ನೀವು ಒಂದು ದಿನವೂ ನಗಲಿಲ್ಲ. ನಾನು ನಿಂತಾಗ ಮುಂದಿನ ಬೆಂಚಿನಿಂದ ಮೆಲ್ಲಗೆ "ಮಿಸ್, ಅಲ್ಲಿ ಮೈನಸ್ ಬರುತ್ತೆ" ಅನ್ನುತ್ತಿದ್ದಿರಿ. ಹಾಜರಿ ಕೂಗುವಾಗ ಹೆಸರು ತಡವರಿಸಿದರೆ ನೀವೇ "ಎಸ್ ಮಿಸ್" ಅಂತ ಎದ್ದು ನಿಲ್ಲುತ್ತಿದ್ದಿರಿ. ನಿಮ್ಮ ಋಣ ದೊಡ್ಡದು.

ಈಗಲೂ ಸಂಜೆ ಹೊತ್ತಿಗೆ ತಲೆ ಭಾರವಾಗುತ್ತೆ. ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಇದೇ ಕಷ್ಟದಲ್ಲಿ ಇರುವವರು ನನಗೆ ಬರೆಯಿರಿ, ಗೊತ್ತಿರುವಷ್ಟು ಹೇಳುತ್ತೇನೆ.

ಜೂನ್‌ನಲ್ಲಿ 10ನೇ ತರಗತಿಯ ಎರಡೂ ವಿಭಾಗ ನನಗೇ ಕೊಡಿ ಅಂತ ಮೇಡಂ ಹತ್ತಿರ ಕೇಳಿದ್ದೇನೆ. ಮಧ್ಯಾಹ್ನದ ಪೀರಿಯಡ್ ಆದರೂ ಸರಿ.