ಕೋಡ್ ಬಿಟ್ಟು ಅನಾಲಿಸ್ಟ್ ಆಗಲಾ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಸಿಸ್ಟಮ್ಸ್ ಅನಾಲಿಸ್ಟ್ ಆಗು, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಅಂತ ಬಳಸುವವರಿಂದ ತಿಳಿದು ಡೆವಲಪರ್‌ಗಳಿಗೆ ಬರೆದುಕೊಡುವ ಕೆಲಸಕ್ಕೆ ಬಾ ಅಂತ ಮ್ಯಾನೇಜರ್ ಕರೆದಿದ್ದಾರೆ, ನಿನಗೆ ಮನಸ್ಸು ಅರ್ಧ ಇದೆ, ಅರ್ಧ ಇಲ್ಲ. "ಕೋಡ್ ಬರೆಯೋದು ಬಿಟ್ಟು ದಿನವಿಡೀ ಮೀಟಿಂಗ್‌ನಲ್ಲಿ ಕೂರೋದಾ?" ಅಂತ ಕೇಳಿದ್ದೀಯ. ಈ ಕೆಲಸವನ್ನು ನಾನು ಈಗಲೂ ಇಷ್ಟಪಟ್ಟೇ ಮಾಡುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮೀಟಿಂಗ್ ಜಾಸ್ತಿ ಇರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ತಂಡದ ಜೊತೆ ಸ್ಟ್ಯಾಂಡ್‌ಅಪ್, ಅಂದರೆ ದಿನದ ಚಿಕ್ಕ ಮೀಟಿಂಗ್. ಆಮೇಲೆ ರಾತ್ರಿ ತಾನಾಗಿ ಓಡಿದ ಬ್ಯಾಚ್ ಕೆಲಸಗಳಲ್ಲಿ ಏನಾದರೂ ಕೆಟ್ಟು ನಿಂತಿದ್ದರೆ ಅದರ ವಿಚಾರಣೆ. ಡೆವಲಪರ್ ಬಂದು "ಈ ಕಾಲಂ ಖಾಲಿ ಇದ್ದರೆ ಏನು ಮಾಡಲಿ?" ಅಂತ ಕೇಳುತ್ತಾರೆ. ಟೆಸ್ಟಿಂಗ್‌ನವರು "ಇದು ತಪ್ಪಾ, ಇರೋದೇ ಹೀಗಾ?" ಅಂತಾರೆ. ಇದರ ನಡುವೆ ಡಾಕ್ಯುಮೆಂಟ್ ಬರೆಯಬೇಕು. ನೀನು ಹೆದರುತ್ತಿರುವುದು ಇದಕ್ಕೇ ಅಲ್ವಾ? ಇದು ಕೆಲಸದ ಮೇಲ್ಮೈ ಅಷ್ಟೇ. ಒಳಗಿನ ಕೆಲಸ ಬೇರೆ ಇದೆ.

ಜನ ತಾವು ಮಾಡುವ ಕೆಲಸವನ್ನು ಹೇಳುವಾಗ ಅರ್ಧ ಬಿಟ್ಟುಬಿಡುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ. ಆ ಬಿಟ್ಟುಹೋದ ಅರ್ಧವನ್ನು ಹುಡುಕುವುದೇ ನಮ್ಮ ಕಸುಬು.

ಒಂದು ಸಂಗತಿ ಹೇಳುತ್ತೇನೆ. ಒಂದು ಕಡೆ ಮಾಲು ಕಳಿಸುವ ವಿಭಾಗದ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುವುದಿತ್ತು. ಅಲ್ಲಿನ ಕೆಲಸದ ಕ್ರಮ ಚೆನ್ನಾಗಿ ಬರೆದಿಟ್ಟಿದ್ದರು. ಆರ್ಡರ್ ಬರುತ್ತದೆ, ಸ್ಟಾಕ್ ನೋಡುತ್ತಾರೆ, ಬಿಲ್ ಮಾಡುತ್ತಾರೆ, ಕಳಿಸುತ್ತಾರೆ. ಎಲ್ಲ ಸರಿಯಾಗಿಯೇ ಇತ್ತು. ಆದರೂ ಅಲ್ಲಿನ ಹಿರಿಯ ಗುಮಾಸ್ತೆಯ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತೆ. ಅವರ ಪರದೆಯಲ್ಲಿ ಕೆಲವು ಗ್ರಾಹಕರ ಹೆಸರಿನ ಕೊನೆಯಲ್ಲಿ ಎರಡು ಚುಕ್ಕಿ ಇದ್ದವು.

"ಇದೇನು ಮೇಡಂ, ಟೈಪ್ ಮಾಡುವಾಗ ಬಿದ್ದದ್ದಾ?" ಅಂದೆ.

"ಅಲ್ಲಪ್ಪಾ, ಎರಡು ಚುಕ್ಕಿ ಇದ್ದರೆ ಫೋನ್ ಮಾಡಿ ಕೇಳದೆ ಮಾಲು ಕಳಿಸಬಾರದು. ಅವರ ಗೋಡೌನ್ ಚಿಕ್ಕದು, ಜಾಗ ಇರಲ್ಲ, ವಾಪಸ್ ಕಳಿಸಿಬಿಡ್ತಾರೆ."

ಅದನ್ನು ಬರೆದಿಡಲು ಹಳೆಯ ಸಾಫ್ಟ್‌ವೇರ್‌ನಲ್ಲಿ ಜಾಗವೇ ಇರಲಿಲ್ಲ. ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಡೇಟಾ ಹೊಸದಕ್ಕೆ ಸಾಗಿಸುವ ಮೊದಲು ಶುಚಿ ಮಾಡಲು ನಮ್ಮ ಸ್ಕ್ರಿಪ್ಟ್ ಸಿದ್ಧವಾಗಿತ್ತು. ಹೆಸರಿನ ಹಿಂದೆ ಮುಂದೆ ಇರುವ ಬೇಡದ ಚುಕ್ಕಿ, ಖಾಲಿ ಜಾಗ ಎಲ್ಲ ಅಳಿಸುವುದೇ ಅದರ ಕೆಲಸ. ಓಡಿಸಿದ್ದರೆ ಆ ಮಾಹಿತಿ ಪೂರ್ತಿ ಹೋಗುತ್ತಿತ್ತು, ಒಂದು ಎರರ್ ಕೂಡ ಬರುತ್ತಿರಲಿಲ್ಲ. ಕೊನೆಗೆ "ಕಳಿಸುವ ಮುನ್ನ ಕರೆ ಮಾಡಿ" ಅಂತ ಒಂದು ಹೊಸ ಫೀಲ್ಡ್ ಸೇರಿಸಿ, ಚುಕ್ಕಿ ಇದ್ದ ಹೆಸರುಗಳಿಗೆಲ್ಲ ಅದನ್ನು ಹೌದು ಅಂತ ಗುರುತು ಮಾಡಿದೆವು. ಆ ಮೇಡಂ ಅವರನ್ನು ಒಂದು ಮೀಟಿಂಗ್‌ಗೂ ಕರೆದಿರಲಿಲ್ಲ. ಬಂದಿದ್ದವರು ವಿಭಾಗದ ಮುಖ್ಯಸ್ಥರು, ಅವರಿಗೆ ಚುಕ್ಕಿಯ ವಿಷಯವೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಕೇಳಬೇಕಾದವರನ್ನು ಹುಡುಕಿಕೊಂಡು ಹೋಗುವುದು ನಮ್ಮ ಹೊಣೆ.

ಈ ಕಸುಬಿನ ಹುಟ್ಟು ಗೊತ್ತಾ ನಿನಗೆ? ಲಂಡನ್ನಿನಲ್ಲಿ ಲಯನ್ಸ್ ಅಂತ ಚಹಾ ಅಂಗಡಿ, ಬೇಕರಿ ನಡೆಸುವ ದೊಡ್ಡ ಕಂಪನಿ ಇತ್ತು. ಅವರು ತಮ್ಮದೇ ಕಂಪ್ಯೂಟರ್ ಕಟ್ಟಿ ಲಿಯೋ ಅಂತ ಹೆಸರಿಟ್ಟರು. 1951ರಲ್ಲಿ ಅದು ಬೇಕರಿಯ ಲೆಕ್ಕ ಮಾಡಲು ಶುರುಮಾಡಿತು. ವ್ಯಾಪಾರದ ಲೆಕ್ಕಕ್ಕೆ ದಿನನಿತ್ಯ ಕಂಪ್ಯೂಟರ್ ಬಳಸಿದ್ದು ಅದೇ ಮೊದಲು. ಅಲ್ಲಿದ್ದ ಡೇವಿಡ್ ಕ್ಯಾಮಿನರ್ ಅವರನ್ನು ಜಗತ್ತಿನ ಮೊದಲ ಸಿಸ್ಟಮ್ಸ್ ಅನಾಲಿಸ್ಟ್ ಅಂತ ಎಷ್ಟೋ ಜನ ಕರೆಯುತ್ತಾರೆ. ನನಗೆ ಇಷ್ಟವಾದದ್ದು ಬೇರೆ ವಿಷಯ. ಆಫೀಸಿನ ಕೆಲಸ ಹೇಗೆ ನಡೆಯುತ್ತದೆ ಅಂತ ಕೂತು ನೋಡುವ ವಿಭಾಗ ಆ ಕಂಪನಿಯಲ್ಲಿ ಕಂಪ್ಯೂಟರ್‌ಗಿಂತ ಮೊದಲೇ ಇತ್ತು. ಮೊದಲು ನೋಡಿದರು, ಆಮೇಲೆ ಯಂತ್ರ ತಂದರು. ಈಗ ಎಷ್ಟೋ ಕಡೆ ಯಂತ್ರ ಮೊದಲು ಬಂದುಬಿಡುತ್ತದೆ. ಸಿದ್ಧ ಸಾಫ್ಟ್‌ವೇರ್ ಪ್ಯಾಕೇಜ್ ಕೊಂಡಾದ ಮೇಲೆ ನಮ್ಮನ್ನು ಕರೆಯುತ್ತಾರೆ.

ಬರೆಯುವುದರ ಬಗ್ಗೆ ಕೇಳಿದ್ದೀಯಲ್ಲ. "ಸಿಸ್ಟಂ ಫಾಸ್ಟ್ ಆಗಿರಬೇಕು" ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಹಾಗೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. "200 ಜನ ಒಟ್ಟಿಗೆ ಕೆಲಸ ಮಾಡುತ್ತಿರುವಾಗಲೂ ಹುಡುಕಿದ ಬಿಲ್ 3 ಸೆಕೆಂಡಿನೊಳಗೆ ಕಾಣಬೇಕು" ಅಂತ ಬರೆದರೆ ಡೆವಲಪರ್‌ಗೆ ಏನು ಕಟ್ಟಬೇಕು ಅಂತ ತಿಳಿಯುತ್ತದೆ, ಟೆಸ್ಟರ್‌ಗೆ ಏನು ಅಳೆಯಬೇಕು ಅಂತ ತಿಳಿಯುತ್ತದೆ. ಹಾಗೆಯೇ "ಪ್ರತಿ ತಿಂಗಳು 31ಕ್ಕೆ ಕಂತು ಕಟ್ಟಬೇಕು" ಅಂತ ಯಾರಾದರೂ ಅಂದರೆ ಫೆಬ್ರವರಿಯ ಕಥೆ ಏನು ಅಂತ ಅಲ್ಲೇ ಕೇಳಬೇಕು. 28ಕ್ಕಾ, ಮಾರ್ಚ್ 1ಕ್ಕಾ? ಅಧಿಕ ವರ್ಷದಲ್ಲಿ 29ಕ್ಕಾ? ರಜೆ ಬಂದರೆ? ಇಂಥದ್ದನ್ನು ಕೋಡ್ ಬರೆಯುವವರು ತಮ್ಮ ಪಾಡಿಗೆ ತೀರ್ಮಾನ ಮಾಡುವ ಹಾಗೆ ಬಿಡಬಾರದು. ನೀನೂ ಎಷ್ಟೋ ಸಲ ರಾತ್ರಿ ಹೊತ್ತು ಹಾಗೆ ತೀರ್ಮಾನ ಮಾಡಿರುತ್ತೀಯ, ಹೇಳುವವರು ಯಾರೂ ಇಲ್ಲದೆ.

ಎರಡು ಸಿಸ್ಟಂ ಮಾತಾಡಿಕೊಳ್ಳುವ ಜಾಗದಲ್ಲಂತೂ ತುಂಬಾ ಎಚ್ಚರ ಬೇಕು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ಬಾಹ್ಯಾಕಾಶ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಹತ್ತಿರ ಹೋಗಿ ಕೈತಪ್ಪಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರ್ ತಳ್ಳುವಿಕೆಯ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು, ಅದನ್ನು ತೆಗೆದುಕೊಳ್ಳುವ ಸಾಫ್ಟ್‌ವೇರ್ ನ್ಯೂಟನ್-ಸೆಕೆಂಡ್ ಅಂತ ಓದುತ್ತಿತ್ತು. ಯಾವ ಅಳತೆಯಲ್ಲಿ ಕೊಡಬೇಕು ಅಂತ ಬರೆದೂ ಇತ್ತು, ಅದರಂತೆ ನಡೆದಿಲ್ಲ ಅನ್ನುವುದು ಸಮಯಕ್ಕೆ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ನಾನು ಎರಡು ಸಿಸ್ಟಂ ನಡುವೆ ಏನು, ಹೇಗೆ ಸಾಗಬೇಕು ಅನ್ನುವ ಇಂಟರ್‌ಫೇಸ್ ಡಾಕ್ಯುಮೆಂಟ್ ಬರೆದು ಸುಮ್ನಾಗುವುದಿಲ್ಲ. ನಿಜವಾದ ಫೈಲ್ ತೆಗೆಸಿ, ಎರಡೂ ಕಡೆಯವರನ್ನು ಕೂರಿಸಿ, ಒಂದೊಂದೇ ಕಾಲಂ ಓದಿಸುತ್ತೇನೆ. ಕೆಲವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಅನ್ನಿಸಲಿ.

ಗೋ-ಲೈವ್ ರಾತ್ರಿಗಳ, ಅಂದರೆ ಹೊಸ ಸಾಫ್ಟ್‌ವೇರ್ ಬಳಕೆಗೆ ಬರುವ ರಾತ್ರಿಗಳ ಬಗ್ಗೆ ನಿನಗೆ ನಾನೇನು ಹೇಳಲಿ, ನೀನೂ ಕಂಡವನೇ. ಎಷ್ಟು ಹೊತ್ತಿನೊಳಗೆ ಸರಿಹೋಗದಿದ್ದರೆ ಹಳೆಯದಕ್ಕೆ ವಾಪಸ್ ಹೋಗುವುದು, ಅದನ್ನು ಹೇಳುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು, ಅಷ್ಟೇ.

ನನಗೆ ಕಷ್ಟ ಅನ್ನಿಸುವುದು ಇನ್ನೊಂದು ಇದೆ. ಒಬ್ಬರ ಪಕ್ಕ ಕೂತು ಅವರ ಕೆಲಸ ಕೇಳುತ್ತಿರುತ್ತೇವೆ. ಅವರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಹೇಳಿ ಮುಗಿಸಿ ಮೆಲ್ಲಗೆ ಕೇಳುತ್ತಾರೆ: "ಇದು ಬಂದ ಮೇಲೆ ನನ್ನ ಕೆಲಸ ಇರುತ್ತಾ?" ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಡಬಾರದು. ಸುಳ್ಳು ಧೈರ್ಯವನ್ನೂ ಹೇಳಬಾರದು. ಯಾವ ಕೆಲಸ ಸಾಫ್ಟ್‌ವೇರ್‌ಗೆ ಹೋಗುತ್ತದೆ, ಯಾವುದು ಅವರ ಬಳಿ ಉಳಿಯುತ್ತದೆ, ನನಗೆ ಗೊತ್ತಿದ್ದಷ್ಟನ್ನು ಹೇಳುತ್ತೇನೆ. ಉಳಿದದ್ದನ್ನು ಯಾರನ್ನು ಕೇಳಬೇಕು ಅಂತಲೂ ಹೇಳುತ್ತೇನೆ. ಪ್ರಾಜೆಕ್ಟ್ ಶುರುವಾಗುವಾಗಲೇ ಇವರೆಲ್ಲರಿಗೂ ವಿಷಯ ತಿಳಿಸಿ ಅಂತ ಮ್ಯಾನೇಜ್‌ಮೆಂಟ್‌ಗೆ ಜೋರಾಗಿಯೇ ಹೇಳುತ್ತೇನೆ. ಕೇಳುವವರು ಕೇಳುತ್ತಾರೆ. ಈ ಭಾರ ಕೋಡ್ ಬರೆಯುವಾಗ ಅಷ್ಟಾಗಿ ತಟ್ಟುವುದಿಲ್ಲ, ಇಲ್ಲಿ ನೇರ ಎದುರಿಗೇ ಬರುತ್ತದೆ. ಅದನ್ನು ತಿಳಿದುಕೊಂಡೇ ಬಾ.

ಕಲಿತದ್ದು ಹಾಳಾಗುತ್ತದೆ ಅಂತ ಚಿಂತೆ ಬೇಡ. ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಎಸ್‌ಕ್ಯುಎಲ್ ಭಾಷೆ ನಿನಗೆ ದಿನಾ ಬೇಕು. ಯಾರಾದರೂ "ಹೀಗೆ ಯಾವತ್ತೂ ಆಗಲ್ಲ" ಅಂದರೆ ಡೇಟಾಬೇಸ್‌ಗೆ ಹೋಗಿ ಆಗಿದೆಯಾ ಅಂತ ನೋಡಬಹುದು. ಸಾಮಾನ್ಯವಾಗಿ ಆಗಿರುತ್ತದೆ. ಕೋಡ್ ಓದಲು ಬರುವ ಅನಾಲಿಸ್ಟ್ ಮಾತನ್ನು ಡೆವಲಪರ್‌ಗಳೂ ಬೇಗ ನಂಬುತ್ತಾರೆ.

ಒಪ್ಪಿಕೊಳ್ಳುವ ಮೊದಲು ಮ್ಯಾನೇಜರ್ ಹತ್ತಿರ ಒಂದು ಪ್ರಶ್ನೆ ಕೇಳು: ಸಾಫ್ಟ್‌ವೇರ್ ಬಳಸುವವರ ಪಕ್ಕ ಹೋಗಿ ಕೂರಲು ನನ್ನನ್ನು ಬಿಡುತ್ತೀರಾ, ಅದಕ್ಕೆ ಸಮಯ ಕೊಡುತ್ತೀರಾ ಅಂತ. ಹೌದು ಅಂದರೆ ಕಣ್ಣುಮುಚ್ಚಿ ಒಪ್ಪಿಕೋ. "ಅದೆಲ್ಲ ಬೇಡ, ಅವರ ಮ್ಯಾನೇಜರ್ ಹೇಳಿದ್ದನ್ನು ಬರೆದುಕೊಟ್ಟರೆ ಸಾಕು" ಅಂದರೆ ಇರುವಲ್ಲೇ ಇರು ಮಾರಾಯ, ಕೋಡ್ ಬರೆಯುತ್ತಾ ಸುಖವಾಗಿರುತ್ತೀಯ.

ಅವರು ಏನಂದರು ಅಂತ ಬರೆ. ಕೆಲಸದ ವಿವರ ಏನಾದರೂ ಕೊಟ್ಟಿದ್ದರೆ ಅದನ್ನೂ ಕಳಿಸು, ಓದಿ ನನಗೆ ಅನ್ನಿಸಿದ್ದು ಹೇಳುತ್ತೇನೆ.

ಇಂತಿ,
ನಿನ್ನ ಗೆಳೆಯ