ಮಾತಾಡುವ ರೆಕಾರ್ಡರ್ ಪೆಟ್ಟಿಗೆಯಲ್ಲೇ ಉಳಿಯದಿರಲಿ: ಬಾಗಲಕೋಟೆ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳೇ,

ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವನು. ಏಳನೆಯ ವಯಸ್ಸಿನಲ್ಲಿ ಕಣ್ಣು ಹೋದವು. ಈಗ ಇದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಂಧ ವಿದ್ಯಾರ್ಥಿಗಳಿಗೆ ಸಾಧನ ಸಲಕರಣೆ ವಿತರಣಾ ಶಿಬಿರಗಳಲ್ಲಿ ಕೊಡುವ ಡಿಜಿಟಲ್ ಧ್ವನಿಮುದ್ರಕದ ಬಗ್ಗೆ, ಅಂದರೆ ಪುಸ್ತಕವನ್ನೂ ಕೇಳಿಸುವ, ಪಾಠವನ್ನೂ ಮುದ್ರಿಸಿಕೊಳ್ಳುವ, ಅಂಗಿಯ ಕಿಸೆಯಲ್ಲಿ ಹಿಡಿಸುವ ಆ ಪುಟ್ಟ ಯಂತ್ರದ ಬಗ್ಗೆ ತಮ್ಮಲ್ಲಿ ಒಂದು ಮನವಿ ಮಾಡಿಕೊಳ್ಳಬೇಕಾಗಿದೆ.

ನಾನು ಎಸ್ಸೆಸ್ಸೆಲ್ಸಿ ಓದಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ರಾತ್ರಿ ಅಪ್ಪ ಮಗ್ಗ ನಿಲ್ಲಿಸಿದ ಮೇಲೆ, ಲಾಳಿಯ ಸದ್ದು ಅಡಗಿದ ಮನೆಯಲ್ಲಿ, ಅವ್ವ ಟೇಪ್ ರೆಕಾರ್ಡರಿನ ಮುಂದೆ ಕುಳಿತು ನನ್ನ ಪಠ್ಯಪುಸ್ತಕವನ್ನು ಓದುತ್ತಿದ್ದಳು. ಆಕೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ದೊಡ್ಡ ಒತ್ತಕ್ಷರ ಎದುರಾದಲ್ಲಿ ತಡೆದು, ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಹೇಳುತ್ತಿದ್ದಳು. ಆ ಯಂತ್ರವನ್ನು ಯಾರೂ ಅಂಧರಿಗೆಂದು ಮಾಡಿರಲಿಲ್ಲ. ಆದರೂ ಮುದ್ರಣಕ್ಕೆಂದು ಒತ್ತಿದ ಎರಡು ಗುಂಡಿಗಳು ಕೆಳಗೇ ಕುಳಿತಿರುತ್ತಿದ್ದವು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಟೇಪು ಮುಗಿದರೆ ಟಕ್ಕೆಂದು ಮೇಲೇಳುತ್ತಿದ್ದವು, ಕಿವಿಗೆ ತಿಳಿಯುತ್ತಿತ್ತು. ಯಂತ್ರ ಈಗ ಏನು ಮಾಡುತ್ತಿದೆ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಡಿಜಿಟಲ್ ರೆಕಾರ್ಡರ್ ಬಂದಾಗ ನಮ್ಮ ಕೈಯಿಂದ ಜಾರಿಹೋದದ್ದು ಇದೇ. ನೌಕರಿ ಸೇರಿದ ಹೊಸದರಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಕಾರ್ಡರ್ ಒಂದನ್ನು ಕೊಂಡಿದ್ದೆ. ಒಂದು ಭಾನುವಾರ ಅಪ್ಪನನ್ನು ಕೂಡಿಸಿಕೊಂಡು, ಖಣದ ಒಂದೊಂದು ಹೆಣಿಗೆಯ ಹೆಸರು, ಅದು ಯಾರಿಂದ ಕಲಿತದ್ದು, ಯಾವ ಊರಿನ ಸಂತೆಗೆ ಯಾವ ಬಣ್ಣ ಹೋಗುತ್ತಿತ್ತು ಎಂಬುದನ್ನೆಲ್ಲ ಎರಡು ತಾಸು ಹೇಳಿಸಿದೆ. ಮರುದಿನ ಕೇಳಲು ಹೋದರೆ ಒಂದು ಮಾತೂ ಇರಲಿಲ್ಲ. ಅಕ್ಕನ ಮಗ ಪರದೆ ನೋಡಿ, ‘ಮಾಮಾ, ಮೆಮೊರಿ ತುಂಬೇದ ಅಂತ ಬರದದ’ ಎಂದ. ಯಂತ್ರ ಬರೆದು ತೋರಿಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಮುಂದಿನ ವರ್ಷ ಅಪ್ಪ ತೀರಿಕೊಂಡ.

ಅಂಧರಿಗೆಂದೇ ರೂಪಿಸಿದ ಧ್ವನಿಮುದ್ರಕ ಈ ಕೊರತೆಯನ್ನು ನೀಗುತ್ತದೆ. ನಾನು ಈಗ ಬಳಸುವ ಸಾಧನದಲ್ಲಿ ಹಳೆಯ ಟೆಲಿಫೋನಿನಂತೆ ಅಂಕಿಗಳ ಗುಂಡಿಗಳಿವೆ, ಐದರ ಮೇಲೊಂದು ಉಬ್ಬಿದ ಚುಕ್ಕೆ ಇದೆ. ಅದರ ಮೇಲೆ ಹೆಬ್ಬೆರಳು ಇಟ್ಟರೆ ಉಳಿದ ಗುಂಡಿಗಳೆಲ್ಲ ತಾವಾಗಿಯೇ ಬೆರಳಿಗೆ ಸಿಗುತ್ತವೆ. ಮುದ್ರಣದ ಗುಂಡಿ ಬೇರೆಯಾಗಿ ಪಕ್ಕದಲ್ಲಿದೆ. ಒತ್ತಿದರೆ ಮುದ್ರಣ ಶುರುವಾಯಿತೆಂದು, ನಿಲ್ಲಿಸಿದರೆ ನಿಂತಿತೆಂದು ಅದೇ ಹೇಳುತ್ತದೆ. ಕಾರ್ಡಿನಲ್ಲಿ ಎಷ್ಟು ಜಾಗ ಉಳಿದಿದೆ, ಬ್ಯಾಟರಿ ಎಷ್ಟಿದೆ ಎಂದು ಕೇಳಿದರೂ ಹೇಳುತ್ತದೆ. ಜಾಗದ ಚಿಂತೆ ಈಗ ಹೆಚ್ಚಿಲ್ಲ. ಮಾತಿಗೆ ಸಾಕಾಗುವ 64 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ತಾಸಿನ ಪಾಠ 30 ಎಂಬಿಯೊಳಗೆ ಮುಗಿಯುವುದರಿಂದ, 32 ಜಿಬಿಯ ಒಂದು ಕಾರ್ಡಿನಲ್ಲಿ ಸಾವಿರ ತಾಸಿನಷ್ಟು ಧ್ವನಿ ಹಿಡಿಸುತ್ತದೆ. ಒಂದು ಮಗುವಿನ ಇಡೀ ಪ್ರೌಢಶಾಲೆಯ ಪಠ್ಯಗಳಿಗೆ ಅಷ್ಟು ಧಾರಾಳವಾಯಿತು.

ಇದಕ್ಕಿಂತ ದೊಡ್ಡ ಅನುಕೂಲವೆಂದರೆ ಡೈಸಿ ಪುಸ್ತಕ. ಧ್ವನಿಪುಸ್ತಕ ಗ್ರಂಥಾಲಯಗಳು ಸೇರಿ 1996ರಲ್ಲಿ ಕಟ್ಟಿದ ಡೈಸಿ ಒಕ್ಕೂಟ ಬೆಳೆಸಿದ ಈ ವಿಧಾನದಲ್ಲಿ ಧ್ವನಿಯ ಜೊತೆಗೇ ಅಧ್ಯಾಯ, ಉಪಶೀರ್ಷಿಕೆ, ಪುಟಗಳ ಗುರುತು ಇರುತ್ತದೆ. ಶಿಕ್ಷಕರು ‘ನಲವತ್ತೆರಡನೇ ಪುಟ ತೆಗೀರಿ’ ಎಂದಾಗ ಉಳಿದ ಮಕ್ಕಳು ಹಾಳೆ ತಿರುವುವಷ್ಟರಲ್ಲಿ ನಮ್ಮ ಹುಡುಗಿ ಪುಟದ ಗುಂಡಿ ಒತ್ತಿ, ನಾಲ್ಕು, ಎರಡು ಎಂದು ಒತ್ತಿ, ಅದೇ ಪುಟಕ್ಕೆ ಬಂದು ಕುಳಿತಿರುತ್ತಾಳೆ. ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಪುಟ ಹುಡುಕಿದವನಿಗೆ ಇದರ ಬೆಲೆ ಗೊತ್ತು. ಇನ್ನೊಂದು ಉಪಯೋಗವನ್ನು ಮಕ್ಕಳೇ ಕಂಡುಕೊಂಡಿದ್ದಾರೆ. ಪರೀಕ್ಷೆಯಲ್ಲಿ ಲಿಪಿಕಾರರಿಗೆ ಉತ್ತರ ಹೇಳಿ ಬರೆಸಬೇಕಲ್ಲವೇ, ಅದರ ಅಭ್ಯಾಸಕ್ಕೆ ಅವರು ಮೊದಲು ರೆಕಾರ್ಡರಿಗೆ ಉತ್ತರ ಹೇಳಿ, ತಾವೇ ಕೇಳಿ, ಎಲ್ಲಿ ಅವಸರವಾಯಿತು, ಎಲ್ಲಿ ಮಾತು ತೊಡರಿತು ಎಂದು ತಿದ್ದಿಕೊಳ್ಳುತ್ತಾರೆ.

ಇಷ್ಟು ಉಪಯುಕ್ತ ಸಾಧನ ಮಕ್ಕಳನ್ನು ತಲುಪುವ ಬಗೆಯನ್ನು ತಾವು ಒಮ್ಮೆ ಗಮನಿಸಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಿಬಿರಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಮಕ್ಕಳು ಮಧ್ಯಾಹ್ನದವರೆಗೆ ಕಾದರು, ಹೆಸರು ಕರೆದರು, ಪೆಟ್ಟಿಗೆ ಕೊಟ್ಟರು, ಫೋಟೊ ತೆಗೆದರು. ಪೆಟ್ಟಿಗೆಯನ್ನು ಬಿಚ್ಚಿ, ಮಗುವಿನ ಬೆರಳು ಹಿಡಿದು, ಇದು ಆನ್ ಮಾಡುವ ಗುಂಡಿ ಎಂದು ತೋರಿಸುವವರು ಯಾರೂ ಇರಲಿಲ್ಲ. ಮನೆಗೆ ಹೋಗಿ ಚಾಲೂ ಮಾಡಿದರೆ ಆ ಸಾಧನ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಮಾತಾಡುತ್ತಿತ್ತು, ಕೈಪಿಡಿ ಮುದ್ರಿತ ಇಂಗ್ಲಿಷಿನಲ್ಲಿತ್ತು, ಒಳಗೆ ಒಂದೂ ಕನ್ನಡ ಪುಸ್ತಕವಿರಲಿಲ್ಲ. ಎಂಟು ತಿಂಗಳ ನಂತರ ನಾನು ವಿಚಾರಿಸಿದಾಗ ಅದು ಟ್ರಂಕಿನಲ್ಲಿ, ಸೀರೆಗಳ ನಡುವೆ, ಪೆಟ್ಟಿಗೆ ಸಮೇತ ಇತ್ತು. ತುಟ್ಟಿ ಸಾಮಾನು, ಕೆಟ್ಟೀತು ಎಂದು ತಾಯಿ ಜೋಪಾನ ಮಾಡಿದ್ದರು. ಆ ತಾಯಿಯ ಮೇಲೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಕಲಿಸದೆ ಕೊಟ್ಟವರ ಮೇಲೆ ಇದೆ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 17ನೆಯ ಕಲಮು ಶೇ 40 ಹಾಗೂ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ‘ಸೂಕ್ತ’ ಎಂಬ ಆ ಮಾತನ್ನು ತಾವು ಅಕ್ಷರಶಃ ತೆಗೆದುಕೊಳ್ಳಬೇಕೆಂಬುದೇ ನನ್ನ ಮನವಿ. ಮಗುವಿನ ಭಾಷೆಯಲ್ಲಿ ಮಾತಾಡದ, ಬಳಸಲು ಯಾರೂ ಕಲಿಸದ ಸಾಧನ ಸೂಕ್ತವಾಗುವುದಿಲ್ಲ. ಕನ್ನಡದಲ್ಲಿ ಮಾತಾಡಿಸುವುದು ಅಸಾಧ್ಯವೂ ಅಲ್ಲ; ನಾವು ಕಂಪ್ಯೂಟರಿನಲ್ಲಿ ಉಚಿತವಾಗಿ ಬಳಸುವ, ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇಸ್ಪೀಕ್ ಎಂಬ ಕೃತಕ ಧ್ವನಿಯಲ್ಲಿ ಕನ್ನಡ ಓದುತ್ತದೆ. ಆದ್ದರಿಂದ ಮುಂದಿನ ಖರೀದಿಯ ಬೇಡಿಕೆ ಪಟ್ಟಿಯಲ್ಲಿ ಕನ್ನಡ ಧ್ವನಿಯ ಷರತ್ತನ್ನು ಸೇರಿಸಿ, ಮಾದರಿಯನ್ನು ಒಪ್ಪುವ ಮುನ್ನ ನಾಲ್ಕಾರು ಅಂಧ ವಿದ್ಯಾರ್ಥಿಗಳ ಕೈಗೆ ಕೊಟ್ಟು ಅವರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಬೇಕು.

ಕಲಿಸುವವರು ಜಿಲ್ಲೆಯಲ್ಲೇ ಇದ್ದಾರೆ. ಬಿಆರ್‌ಸಿಗಳಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ಎರಡು ದಿನದ ತರಬೇತಿ ಸಾಕು, ಅದೂ ಕಣ್ಣುಮುಚ್ಚಿ ಬಳಸಿ ಕಲಿಯುವಂತಿರಬೇಕು. ಪಠ್ಯಪುಸ್ತಕಗಳನ್ನು ಧ್ವನಿಗಿಳಿಸಲು ಹಕ್ಕುಸ್ವಾಮ್ಯದ ಅಡ್ಡಿ ಇಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅಂಧರಿಗಾಗಿ ಅಂಥ ರೂಪಾಂತರಕ್ಕೆ ಅವಕಾಶ ಮಾಡಿಕೊಟ್ಟಿದೆ. 2016ರಲ್ಲಿ ಆರಂಭವಾದ, ಅಂಧರು ಓದಬಲ್ಲ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದ ಸದಸ್ಯತ್ವವನ್ನು ಪ್ರತಿ ಮಗುವಿಗೂ ಶಿಬಿರದಲ್ಲೇ ಮಾಡಿಸಿಕೊಡಬಹುದು. ವೆಚ್ಚದ ಮಾತು ಬಂದರೆ, ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ 5ರ ಅನುದಾನ ತಮ್ಮ ಗಮನದಲ್ಲಿದ್ದೇ ಇರುತ್ತದೆ.

ಮೊಬೈಲ್ ಇರುವಾಗ ಇದೇಕೆ ಎಂದು ಕೆಲವು ಅಧಿಕಾರಿಗಳು ನನ್ನನ್ನು ಕೇಳಿದ್ದಾರೆ. ನಾನೂ ಮೊಬೈಲ್ ಬಳಸುತ್ತೇನೆ, ಅದು ನನಗೆ ಬಹಳ ಬೇಕಾದ ವಸ್ತು. ಆದರೆ ನಮ್ಮ ಶಾಲೆಯಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ, ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ, ಮತ್ತು ನುಣುಪಾದ ಗಾಜಿನ ಮೇಲೆ ಹತ್ತು ವರ್ಷದ ಮಗು ಗುಂಡಿ ಹುಡುಕುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ನಾನೇ ಹೇಳಬೇಕು. ರೆಕಾರ್ಡರ್ ಕೊಟ್ಟೆವೆಂದು ಬ್ರೈಲ್ ಕಲಿಕೆಯನ್ನು ಕೈಬಿಡಬಾರದು. ಬರೀ ಕೇಳಿ ಬೆಳೆದ ಮಗುವಿಗೆ ‘ವಿಶೇಷ’ದಲ್ಲಿ ಮೊದಲು ಯಾವ ಶ, ಆಮೇಲೆ ಯಾವ ಷ ಎಂಬುದು ತಿಳಿಯುವುದಿಲ್ಲ, ಮಹಾಪ್ರಾಣ ಎಲ್ಲಿ ಬರುತ್ತದೆಂಬುದೂ ತಿಳಿಯುವುದಿಲ್ಲ. ಅದು ಬೆರಳಿಗೆ ಆರು ಚುಕ್ಕೆಗಳಲ್ಲೇ ಸಿಗಬೇಕು.

ತಾವು ಯಾವುದೇ ಶನಿವಾರ ಮಧ್ಯಾಹ್ನ ಅರ್ಧ ತಾಸು ಸಮಯ ಕೊಟ್ಟರೆ, ಆ ವಿದ್ಯಾರ್ಥಿನಿಯನ್ನೂ ಆಕೆಯ ತಾಯಿಯನ್ನೂ ಕರೆದುಕೊಂಡು ನವನಗರದ ತಮ್ಮ ಕಚೇರಿಗೆ ಬರುತ್ತೇನೆ. ಟ್ರಂಕಿನಿಂದ ತೆಗೆದ ಆ ರೆಕಾರ್ಡರನ್ನು ಆಕೆ ಈಗ ಪಿಯುಸಿಯಲ್ಲಿ ದಿನವೂ ಬಳಸುತ್ತಿದ್ದಾಳೆ. ತಾವು ಕಣ್ಣು ಮುಚ್ಚಿಕೊಂಡು ಕುಳಿತರೆ, ಅದನ್ನು ಬಳಸುವುದು ಹೇಗೆಂದು ಆಕೆಯೇ ತಮ್ಮ ಬೆರಳು ಹಿಡಿದು ಕಲಿಸುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಂಧ ಶಿಕ್ಷಕ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ